ಸ್ಟೀರಿಂಗ್‌ಗೆ ಕಟ್ಟಿದ ಕೆಂಪು ಬಟ್ಟೆ

ಜನವರಿ 11

ತಮ್ಮಾ,

ನೀನು ಕಳಿಸಿದ ಗುಜರಿಯವನು ನಿನ್ನೆ ಬಂದಿದ್ದ. ಶೆಡ್ಡಿನಲ್ಲಿರುವ ಅಪ್ಪನ ಹಳೇ ಟ್ರಾಕ್ಟರನ್ನು ನಿಂತಲ್ಲೇ ತುಂಡು ಮಾಡಿ ಒಯ್ಯಲಿಕ್ಕೆ ಗ್ಯಾಸ್ ಕಟರ್ ಸಮೇತ ಬಂದಿದ್ದ ಮಹಾರಾಯ. "ನಿಮ್ ತಮ್ಮ ಎಲ್ಲಾ ಮಾತಾಡಿದಾರೆ ಅಕ್ಕಾ, ಅಪ್ಪಾವ್ರೂ ಹೂಂ ಅಂದಿದಾರೆ" ಅಂದ. "ಹೂಂ ಅಂದೋರ ಮನೆಗೇ ಹೋಗಿ ತಗೊಂಡು ಹೋಗಪ್ಪ" ಎಂದು ಬಾಗಿಲು ಹಾಕಿಕೊಂಡೆ.

ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದರೆ, ಫೋನ್ ಮಾಡಿದರೆ ಎರಡನೇ ನಿಮಿಷಕ್ಕೆ "ಇರು, ಅಪ್ಪನಿಗೆ ಕೊಡ್ತೀನಿ" ಎಂದು ನೀನು ಜಾರಿಕೊಳ್ಳುತ್ತೀಯ. ಅವರ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ಇದು ನಿನ್ನ ಪಂಪ್‌ಹೌಸಿನ ವಿಳಾಸಕ್ಕೆ ಬರುತ್ತದೆ. ಅಲ್ಲೇ ಓದು, ಅಲ್ಲೇ ಕೂತು ಉತ್ತರ ಬರೆ.

ಆ ಟ್ರಾಕ್ಟರ್ ಓಡುವಂತೆ ನಾನು ಮಾಡುತ್ತೇನೆ. ಈ ಸಲ ಬಾಡಿಗೆ ಟ್ರಾಕ್ಟರಿನವನು ಹದವಾಗಿದ್ದ ಮಣ್ಣನ್ನು ಹನ್ನೆರಡು ದಿನ ಒಣಗಲು ಬಿಟ್ಟು ಆಮೇಲೆ ಬಂದ. ಕೇಳಿದ್ದಕ್ಕೆ, "ನಿಮ್ ಶೆಡ್ಡಲ್ಲೇ ಒಂದಿದೆಯಲ್ಲ, ನೀವೇ ಸುಟ್ಟಿದ್ದಂತಲ್ಲ" ಎಂದು ಹಲ್ಲು ಕಿರಿದ. ಅವನಿಗೆ ವಯಸ್ಸು ಇಪ್ಪತ್ತೈದು. ಅವನು ಹುಟ್ಟುವ ಮೊದಲು ನಡೆದದ್ದು ಅವನ ಬಾಯಲ್ಲಿದೆ ಎಂದರೆ, ಅಪ್ಪ ಅದನ್ನು ಊರಿಗೆಲ್ಲ ಎಷ್ಟು ಚೆನ್ನಾಗಿ ಹಂಚಿದ್ದಾರೆ ನೋಡು.

ಅವತ್ತಿನದು ನೆನಪಿಲ್ಲ ಎನ್ನಬೇಡ. ನಿನಗೆ ಹನ್ನೆರಡು, ನನಗೆ ಹತ್ತೊಂಬತ್ತು. ಎಂಜಿನ್‌ನಿಂದ ಹಳೇ ಎಣ್ಣೆ ಬಸಿದರೆ ಸ್ಟೀರಿಂಗ್‌ಗೆ ಕೆಂಪು ಬಟ್ಟೆ ಕಟ್ಟಬೇಕು, ಹೊಸ ಎಣ್ಣೆ ಹಾಕುವ ತನಕ ಅದನ್ನು ಬಿಚ್ಚಬಾರದು. ಇದು ಅಪ್ಪನ ಕಾನೂನು. ಬಟ್ಟೆ ಇಲ್ಲ ಎಂದರೆ ಎಣ್ಣೆ ಇದೆ ಎಂದೇ ಅರ್ಥ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಕೆಟ್ಟು ವರ್ಷವಾಗಿತ್ತು, ಅದಕ್ಕೇ ಈ ಏರ್ಪಾಡು. ಅವತ್ತು ಅಪ್ಪ ಮನೆಯಲ್ಲಿರಲಿಲ್ಲ, ಮೋಡ ಕವಿದಿತ್ತು, ಕೊಯ್ದ ಹುಲ್ಲು ಹೊಲದಲ್ಲೇ ಬಿದ್ದಿತ್ತು. ಶೆಡ್ಡಿಗೆ ಹೋದೆ. ಬಟ್ಟೆ ಇರಲಿಲ್ಲ. ಸ್ಟಾರ್ಟ್ ಮಾಡಿದೆ. ಹತ್ತು ನಿಮಿಷಕ್ಕೆ ಎಂಜಿನ್ ಕಿರುಚಿ ಹಿಡಿದುಕೊಂಡು ನಿಂತುಬಿಟ್ಟಿತು. ಸಂಜೆ ಬಂದ ಅಪ್ಪ, "ಬಟ್ಟೆ ಕಟ್ಟಿದ್ದೆ. ಕಣ್ಣಿರ್ಲಿಲ್ವಾ ನಿನಗೆ?" ಅಂದರು. ಹಾಗಾದರೆ ಈಗ ಎಲ್ಲಿದೆ ಎಂದದ್ದಕ್ಕೆ, "ಓಡಿಸುವಾಗ ಎಲ್ಲೋ ಬೀಳ್ಸಿದೀಯ" ಅಂದರು.

ಅವತ್ತಿನಿಂದ ನಾನು ಮನೆಯಲ್ಲಿ ಕುರುಡಿ. ಟ್ರಾಕ್ಟರನ್ನು ಅಪ್ಪ ರಿಪೇರಿಗೂ ಕಳಿಸಲಿಲ್ಲ, ಮಾರಲೂ ಇಲ್ಲ. ಬಂದವರಿಗೆಲ್ಲ ಶೆಡ್ಡಿನ ಬಾಗಿಲು ತೆಗೆದು "ನನ್ ಮಗಳ ಕೈಚಳಕ" ಎಂದು ತೋರಿಸಿದರು. ಯಂತ್ರದ ತರಬೇತಿ ಶಾಲೆಗೆ ನಾನು ತುಂಬಿಟ್ಟ ಅರ್ಜಿಗೆ ಸಹಿ ಹಾಕಲಿಲ್ಲ. ಆರು ವರ್ಷದ ಮೇಲೆ ಅದೇ ಶಾಲೆಗೆ ನಿನ್ನನ್ನು ಸೇರಿಸಿದರು. ಅಮ್ಮ ಸಾಯುವ ತನಕ ನನ್ನ ಕೈಗೆ ಒಲೆ ಬಿಟ್ಟು ಬೇರೇನೂ ಒಪ್ಪಿಸಲಿಲ್ಲ. ಹೋದ ವರ್ಷ ಕಣ್ಣಿನ ಆಪರೇಷನ್ನಿಗೆಂದು ನಿನ್ನ ಮನೆಗೆ ಹೊರಡುವಾಗ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಟ್ರಾಕ್ಟರ್ ವಿಷಯ ಯಾವತ್ತೋ ಕ್ಷಮಿಸಿದೀನಮ್ಮ" ಅಂದರು. ನಾನು ಅತ್ತುಬಿಟ್ಟೆ, ದಡ್ಡಿ.

ಬಟ್ಟೆ ಇರಲಿಲ್ಲ ಎಂದು ಇಪ್ಪತ್ತೇಳು ವರ್ಷದಿಂದ ಹೇಳುತ್ತಿದ್ದೇನೆ. ಈಗೀಗ ನನಗೇ ಅನುಮಾನ, ಇತ್ತೇನೋ, ನಾನೇ ನೋಡಲಿಲ್ಲವೇನೋ ಎಂದು. ಅದೊಂದು ಗೊತ್ತಾಗದೆ ನನಗೆ ನೆಮ್ಮದಿಯಿಲ್ಲ. ಎಂಜಿನ್ ಬಿಚ್ಚಿದರೆ ಏನಾದರೂ ತಿಳಿದೀತು. ಹಿಡಿದುಕೊಂಡ ಪಿಸ್ಟನ್ ಬಿಡಿಸುವುದು ಹೇಗೆ, ಬರೆದು ಕಳಿಸು. ಕಲಿತವನು ನೀನಲ್ಲವೇ.

ಅಕ್ಕ


ಜನವರಿ 24

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ. ಅಪ್ಪನ ಎರಡನೇ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ. ಈಗ ಮೂರನೇ ಮಹಡಿಯ ಕಿಟಕಿಯಲ್ಲಿ ಕೂತು ರಸ್ತೆಯ ಬಸ್ಸುಗಳ ನಂಬರ್ ಓದಿ ಹೇಳುತ್ತಾರೆ.

ನಿನ್ನ ಕಾಗದ ಓದಿ ಬೇಜಾರಾಯಿತು. ಅಪ್ಪನ ಮೇಲಿನ ಪ್ರೀತಿಯಿಂದ ಅವರ ಟ್ರಾಕ್ಟರನ್ನು ಓಡಿಸಿ ತೋರಿಸಬೇಕೆಂದು ನಿನಗಿರುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಹಳೆಯದನ್ನು ಕೆದಕಿ ಯಾರಿಗೂ ಸುಖವಿಲ್ಲ. ಆ ಎಂಜಿನ್ನಿನಲ್ಲಿ ಉಳಿದಿರುವುದು ತುಕ್ಕು ಮಾತ್ರ. ಬಿಡಿಭಾಗಗಳೂ ಸಿಗುವುದಿಲ್ಲ. ನಿನಗೊಂದು ಹೊಸ ಪವರ್ ಟಿಲ್ಲರ್ ಕೊಡಿಸುತ್ತೇನೆ, ಯಾವ ಬಣ್ಣ ಬೇಕು ಹೇಳು. ಅಪ್ಪನಿಗೆ ಎಂಬತ್ತು ದಾಟಿತು, ಅವರು ಕ್ಷಮಿಸಿದ್ದೂ ಆಯಿತು. ಇನ್ನು ಬಿಟ್ಟುಬಿಡಬಾರದೇ?

ಅವತ್ತಿನದು ನನಗೆ ಸರಿಯಾಗಿ ನೆನಪಿಲ್ಲ. ಆಟಕ್ಕೆ ಹೋಗಿದ್ದೆ ಅಂತ ಕಾಣುತ್ತದೆ.

ನಿನ್ನ ಹಠ ನನಗೆ ಗೊತ್ತು, ಅದಕ್ಕೇ ಇಷ್ಟು ಬರೆಯುತ್ತೇನೆ. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ, ಆ ತೂತುಗಳಿಂದ ಡೀಸೆಲ್ಲೂ ಎಂಜಿನ್ ಆಯಿಲ್ಲೂ ಸಮಪಾಲು ಬೆರೆಸಿ ಒಂದೊಂದು ಸಿಲಿಂಡರಿಗೂ ಸುರಿ. ಹತ್ತು ದಿನ ಮುಟ್ಟಬೇಡ. ಅಷ್ಟಕ್ಕೂ ಬಿಡದಿದ್ದರೆ ದಯವಿಟ್ಟು ಗುಜರಿಯವನನ್ನು ಕರೆಸು.

ನಿನ್ನ ತಮ್ಮ


ಫೆಬ್ರವರಿ 12

ತಮ್ಮಾ,

ಬಣ್ಣ ಕೇಳಿದೆಯಲ್ಲೋ ಪುಣ್ಯಾತ್ಮ. ನನಗೆ ಇಲ್ಲಿ ಮೈಯೆಲ್ಲ ಉರಿಯುತ್ತಿದೆ, ನೀನು ಬಣ್ಣ ಕೇಳುತ್ತೀಯ. ಅಪ್ಪನ ಮೇಲಿನ ಪ್ರೀತಿ ಎಂದು ಬೇರೆ ಬರೆದಿದ್ದೀಯ. ಪ್ರೀತಿ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕೇ ಅಲ್ಲವೇ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಅನ್ನ ಬಡಿಸಿದ್ದು. ನಿನ್ನ ಲೆಕ್ಕಾಚಾರ ನನಗೆ ಗೊತ್ತಿಲ್ಲವೆಂದುಕೊಳ್ಳಬೇಡ. ಹೋದ ಸಲ ಬಂದಾಗ ಶೆಡ್ಡಿನ ಸುತ್ತ ಟೇಪು ಹಿಡಿದು ಅಳೆಯುತ್ತಿದ್ದೆ. ಟ್ರಾಕ್ಟರ್ ಹೋದರೆ ಶೆಡ್ಡು ಖಾಲಿ, ಶೆಡ್ಡು ಖಾಲಿಯಾದರೆ ನಿನಗೊಂದು ಮನೆ. ನೆಟ್ಟಗೆ ಕೇಳಿದ್ದರೆ ನಾನೇ ಬೇರೆ ಜಾಗ ಕೊಡುತ್ತಿದ್ದೆ.

ಕೆಲಸ ಶುರುವಾಗಿದೆ. ಏರ್ ಕ್ಲೀನರಿನೊಳಗೆ ಇಲಿಯ ಸಂಸಾರ, ಮೂರು ತಲೆಮಾರಿನದ್ದು. ಸೈಲೆನ್ಸರ್ ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯಿತು. ನಿನ್ನ ಭಾವ ಗಣಿತದ ಮೇಷ್ಟ್ರು, ಸ್ಪ್ಯಾನರ್ ಕೇಳಿದರೆ ಕಟಿಂಗ್ ಪ್ಲೇಯರ್ ಕೊಟ್ಟು "ಇದೂ ಹಿಡ್ಕೊಳ್ಳುತ್ತಲ್ಲ" ಎನ್ನುತ್ತಾರೆ. ಆದರೂ ದಿನಾ ಶಾಲೆ ಬಿಟ್ಟ ಮೇಲೆ ಬಂದು ನಿಲ್ಲುತ್ತಾರೆ, ಅಷ್ಟು ಸಾಕು. ಬಸ್ ನಿಲ್ದಾಣದ ಹಿಂದೆ ಲೇತ್ ಅಂಗಡಿ ಇಟ್ಟಿರುವ ಅಜ್ಜನನ್ನು ಕರೆತಂದೆ, ಊರೆಲ್ಲ ಲೇತಜ್ಜ ಎನ್ನುವುದು ಅವನನ್ನೇ. ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ತಟ್ಟಿ, "ಸತ್ತಿಲ್ಲ ಇದು. ಮುನಿಸ್ಕೊಂಡಿದೆ" ಅಂದ.

ನೀನು ಹೇಳಿದ ಹಾಗೆ ಎಣ್ಣೆ ಸುರಿದು ಕಾದೆ. ಹನ್ನೊಂದನೇ ದಿನ ಫ್ಲೈವೀಲಿನ ಹಲ್ಲಿಗೆ ಹಾರೆ ಕೊಟ್ಟು ನಾನೂ ಲೇತಜ್ಜನೂ ಒತ್ತಿದೆವು. ನಾಲ್ಕು ಬೆರಳಿನಷ್ಟು ತಿರುಗಿತು! ಮುಂದೆ ಎಂಜಿನ್ ತಳದ ಎಣ್ಣೆ ತೊಟ್ಟಿ, ಆ ಸಂಪ್, ಬಿಚ್ಚಬೇಕು. ಏನು ಜಾಗ್ರತೆ, ಬರೆ.

ಅಕ್ಕ


ಫೆಬ್ರವರಿ 22

ಅಕ್ಕಾ,

ನಾಲ್ಕು ಬೆರಳು ತಿರುಗಿತೇ! ಕಾಗದ ಹಿಡಿದುಕೊಂಡು ಪಂಪ್‌ಹೌಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. "ನಮ್ಮಕ್ಕ" ಎಂದು ಎಷ್ಟು ಸಲ ಅಂದೆನೋ, ನಮ್ಮ ಮೇಲಧಿಕಾರಿ "ಅವರನ್ನೇ ಇಲ್ಲಿಗೆ ಕರೆಸ್ರಿ, ನಿಮ್ಮನ್ನ ಮನೆಗೆ ಕಳಿಸೋಣ" ಎಂದು ನಕ್ಕರು.

ಶೆಡ್ಡು ನನಗೆ ಬೇಡ ಮಹಾತಾಯಿ. ಹೊಸ ತಗಡು ಹೊದಿಸೋಣವೆಂದು ಅಳೆದದ್ದು. ನಿನ್ನ ಹತ್ತಿರ ಅದನ್ನು ಹೇಳಿದರೆ ಟ್ರಾಕ್ಟರಿನ ಮಾತು ಬರುತ್ತದೆಂದು ಸುಮ್ಮನಾದೆ.

ಈಗ ಕೇಳು. ಸಂಪಿನ ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಚ್ಚುತ್ತ ಹೋಗಬೇಡ, ಎದುರುಬದುರು ಸಡಿಲಿಸು. ಕೆಳಗೆ ಜಾಕ್ ಕೊಟ್ಟಿರು, ಭಾರ ಇದೆ. ಕ್ರ್ಯಾಂಕ್ ದಂಡದ ಬೇರಿಂಗ್ ಚಿಪ್ಪುಗಳು ಕರಗಿ ಅಂಟಿರುತ್ತವೆ, ಸುತ್ತಿಗೆ ತಾಗಿಸದೆ ಮರದ ತುಂಡಿನಲ್ಲಿ ತಟ್ಟಿ ತೆಗೆ. ಯಾವುದು ಯಾವ ಜಾಗದ್ದು ಎಂದು ಗುರುತು ಹಾಕಿಡು. ಎಣ್ಣೆ ಬಸಿಯುವ ಡ್ರೈನ್ ಪ್ಲಗ್ಗಿನ ಪಕ್ಕದಲ್ಲಿ ಒಂದು ತಗಡಿನ ಮುಚ್ಚಳ ಇದೆ, ಅದರ ಅಂಚು ಬ್ಲೇಡಿನ ಹಾಗೆ. ಅಪ್ಪನ ಹೆಬ್ಬೆರಳು ಮೂಳೆ ಕಾಣುವ ಹಾಗೆ ಕೊಯ್ದದ್ದು ಅದೇ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡೇ ಕೆಲಸ ಮಾಡು. ಬೇರಿಂಗ್ ಚಿಪ್ಪು ಇಲ್ಲಿ ಹಳೇ ಅಂಗಡಿಯೊಂದರಲ್ಲಿ ಸಿಗಬಹುದು, ಕ್ರ್ಯಾಂಕ್ ಉಜ್ಜಿಸಿದ ಮೇಲೆ ಅಳತೆ ಕಳಿಸು.

ತಮ್ಮ


ಫೆಬ್ರವರಿ 28

ಅಪ್ಪನ ಹೆಬ್ಬೆರಳು ಕೊಯ್ದದ್ದು ಕುಡುಗೋಲಿನಿಂದ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಅದೇ. ಹುಲ್ಲು ಕೊಯ್ಯುವಾಗ ತಾಗಿತು, ಬಸ್ ಹತ್ತಿ ಡಾಕ್ಟರ ಹತ್ತಿರ ಹೋದರು, ಸಂಜೆ ಬಂದರು. ಬಿಳೀ ಪಟ್ಟಿ ಸುತ್ತಿದ ಆ ಹೆಬ್ಬೆರಳಿನ ಕೈಯನ್ನೇ ನನ್ನ ಮುಖದ ಮುಂದೆ ಆಡಿಸುತ್ತ "ಕಣ್ಣಿರ್ಲಿಲ್ವಾ" ಅಂದದ್ದು. ಹೌದು, ಅದೇ ದಿನ.

ಕಾಗದ ಓದಿ ಎದ್ದು ಹೋಗಿ ಟ್ರಾಕ್ಟರಿನ ಕೆಳಗೆ ಮಲಗಿದೆ. ತಗಡಿನ ಮುಚ್ಚಳ ಇದೆ. ಅಂಚು ಬ್ಲೇಡಿನ ಹಾಗೇ ಇದೆ. ಪ್ಲಗ್ಗಿಗೆ ಸ್ಪ್ಯಾನರ್ ಹಾಕಲು ಹೋದರೆ ಲೇತಜ್ಜ ತಡೆದ. ಬೆರಳಲ್ಲೇ ತಿರುಗಿಸಿದ, ಬಿಚ್ಚಿಕೊಂಡಿತು. "ಇದನ್ನ ಬಿಗಿ ಮಾಡೇ ಇಲ್ಲಮ್ಮ. ಅರ್ಧ ಕೆಲಸದಲ್ಲಿ ಎದ್ದು ಹೋಗಿದಾರೆ ಯಾರೋ" ಅಂದ.

ಅಪ್ಪ ಎಣ್ಣೆ ಬಸಿದು ಪ್ಲಗ್ ಹಾಕುವಾಗ ಕೈ ಕೊಯ್ದುಕೊಂಡಿದ್ದಾರೆ. ಅಲ್ಲಿಂದಲೇ ಎದ್ದು ಡಾಕ್ಟರ ಹತ್ತಿರ ಹೋಗಿದ್ದಾರೆ. ಇಷ್ಟು ನನಗೆ ತಿಳಿಯಿತು. ಉಳಿದದ್ದನ್ನು ನೀನು ಹೇಳು. ಆಟಕ್ಕೆ ಹೋಗಿದ್ದವನಿಗೆ ಮೂಳೆ ಕಂಡದ್ದು ಹೇಗೆ? ಮೂಳೆ ಕಾಣುವಷ್ಟು ಕೊಯ್ದರೆ ರಕ್ತ ಸುರಿಯುತ್ತದೆ. ಆ ಕೈಗೆ ಏನು ಸುತ್ತಿದರು?


ಮಾರ್ಚ್ 14

ಎರಡು ವಾರವಾಯಿತು. ಏನು ಸುತ್ತಿದರು?

ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ, ನಿಮ್ಮ ಆಫೀಸಿನವರೂ ಓದಲಿ.

ಅಕ್ಕ


ಮಾರ್ಚ್ 25

ಅಕ್ಕಾ,

ಐದು ಸಲ ಬರೆದು ಹರಿದು ಹಾಕಿದೆ. ಗುಜರಿಯವನನ್ನು ಕಳಿಸಿದ್ದು ನಾನೇ, ಅಪ್ಪನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಆ ಟ್ರಾಕ್ಟರ್ ಕಣ್ಣ ಮುಂದಿನಿಂದ ಹೋದರೆ ಸಾಕೆನ್ನಿಸಿತ್ತು.

ನಿನ್ನ ಕಣ್ಣು ಸರಿಯಾಗಿತ್ತು. ಬಟ್ಟೆ ಇರಲಿಲ್ಲ.

ಅಪ್ಪ ಎಣ್ಣೆ ಬಸಿಯುವಾಗ ನಾನು ಅಲ್ಲೇ ಹುಲ್ಲಿನ ಮೇಲೆ ಕೂತಿದ್ದೆ. ಕೈ ಕೊಯ್ದ ತಕ್ಷಣ ಕೆಳಗಿನಿಂದ ಹೊರಗೆ ಬಂದರು, ಮೊಣಕೈ ತನಕ ರಕ್ತ. "ಬಟ್ಟೆ ಕೊಡೋ, ಬೇಗ" ಅಂದರು. ಸುತ್ತ ಇದ್ದದ್ದು ಅದೊಂದೇ ಬಟ್ಟೆ. ಸ್ಟೀರಿಂಗ್‌ನಿಂದ ನಾನೇ ಬಿಚ್ಚಿ ಕೊಟ್ಟೆ, ಗಂಟು ಹಾಕಿದವನೂ ನಾನೇ. ಅವರು ಬಸ್ ಹಿಡಿಯಲು ಓಡಿದರು. ಆಮೇಲೆ ನೀನು ಬಂದೆ.

ಸಂಜೆ ಅಪ್ಪ ಬಟ್ಟೆ ಕಟ್ಟಿದ್ದೆ ಎಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರ ಮಾತಿಗೆ ಎದುರು ಮಾತಾಡುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು? ದೊಡ್ಡವನಾದ ಮೇಲೆ ಹೇಳಬಹುದಿತ್ತು, ನಿಜ. ಹೇಳಲಿಲ್ಲ. ನೀನು ಅವರನ್ನು ಅಷ್ಟು ನೋಡಿಕೊಳ್ಳುತ್ತಿದ್ದೆ. ನಿನ್ನ ಮನಸ್ಸಿನಲ್ಲಿ ಅಪ್ಪ ಚಿಕ್ಕವರಾಗಬಾರದೆಂದು ಸುಮ್ಮನಿದ್ದೆ.

ಅವರಿಗೆ ಈಗ ಇದನ್ನೆಲ್ಲ ಕೇಳಿಸಿಕೊಳ್ಳುವ ಶಕ್ತಿಯಿಲ್ಲ. ದಯವಿಟ್ಟು ನಮ್ಮಿಬ್ಬರಲ್ಲೇ ಇರಲಿ.

ತಮ್ಮ


ಮಾರ್ಚ್ 30

ತಮ್ಮಾ,

ಬಸ್ಸಿನ ನಂಬರ್ ಓದುವ ಶಕ್ತಿ ಇದೆ, ಇದನ್ನು ಕೇಳುವ ಶಕ್ತಿ ಇಲ್ಲ. ಎಷ್ಟು ಚೆನ್ನಾಗಿ ತಿಪ್ಪೆ ಸಾರಿಸಿದ್ದೀಯ!

ಇಪ್ಪತ್ತೇಳು ವರ್ಷ ತಪ್ಪನ್ನು ನನ್ನ ತಲೆಗೆ ಕಟ್ಟಿದರು. ತಾನು ಬಿಚ್ಚಿಸಿದ ಬಟ್ಟೆಯನ್ನು ತನ್ನ ಬೆರಳಿಗೇ ಸುತ್ತಿಕೊಂಡು ಹೋದ ಮನುಷ್ಯ ವಾಪಸ್ ಬಂದು ನನಗೆ ಕಣ್ಣಿಲ್ಲ ಎಂದರು. ಸುಳ್ಳು ಹೇಳಿದ್ದನ್ನಾದರೂ ಸಹಿಸಬಹುದು, ಆ ಕ್ಷಮೆ ಇದೆಯಲ್ಲ, ಅದನ್ನು ನೆನೆದರೆ ಕೈಯಲ್ಲಿರುವ ಸ್ಪ್ಯಾನರನ್ನು ಯಾರ ಮೇಲೆ ಎಸೆಯಲಿ ಎನ್ನಿಸುತ್ತದೆ. ಯಾವ ಬಾಯಲ್ಲಿ ಕ್ಷಮಿಸಿದರೋ? ಕ್ಷಮಿಸಲಿಕ್ಕೆ ಅವರ ಹತ್ತಿರ ಏನಿತ್ತು? ನಾನು ಅತ್ತದ್ದಕ್ಕೆ ಈಗ ನಾಚಿಕೆಯಾಗುತ್ತಿದೆ. ಅತ್ತ ಆ ಐದು ನಿಮಿಷ ನನಗೆ ವಾಪಸ್ ಬೇಕು.

ನೀನೋ, ನನ್ನ ಮನಸ್ಸಿನಲ್ಲಿ ಅಪ್ಪ ಚಿಕ್ಕವರಾಗಬಾರದೆಂದು ಸುಮ್ಮನಿದ್ದೆಯಂತೆ. ನಾನು ಚಿಕ್ಕವಳಾಗುತ್ತ ಹೋದದ್ದು ನಿನಗೆ ಕಾಣಲಿಲ್ಲ. ಅದು ಜಾಣ ಕುರುಡು. ನನ್ನ ಅರ್ಜಿಯ ಜಾಗದಲ್ಲಿ ನಿನ್ನ ಅರ್ಜಿ ಹೋಯಿತು, ಆ ಬೆಂಚಿನ ಮೇಲೆ ಕೂತು ಪಾಠ ಕೇಳಿದೆ, ಅದರಿಂದಲೇ ಊಟ ಮಾಡುತ್ತಿದ್ದೀಯ. ಒಂದು ದಿನವೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲವೇ?

ಕ್ರ್ಯಾಂಕ್ ಲೇತಜ್ಜನ ಅಂಗಡಿಯಲ್ಲಿದೆ. ನಾನೇ ನಿಂತು ಉಜ್ಜಿದೆ, ಅಜ್ಜ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಅಳತೆ ನೋಡಿದ. "ಸಿಟ್ಟು ಹೊರಗಿಟ್ಟು ಬಾ" ಎಂದು ಎರಡು ಸಲ ಎಬ್ಬಿಸಿ ಕಳಿಸಿದ. ಮೂರನೇ ಸಲ ಸರಿಬಂತು. ಅಳತೆ ಚೀಟಿ ಇದರಲ್ಲಿದೆ, ಚಿಪ್ಪು ಕಳಿಸು.

ನಿನ್ನ ಕಾಗದ, ಈ ಕಾಗದ, ಎರಡನ್ನೂ ಅಪ್ಪನ ಮುಂದೆ ಕೂತು ಗಟ್ಟಿಯಾಗಿ ಓದು. ಒಂದು ಸಾಲೂ ಹಾರಿಸಬೇಡ. ಓದದಿದ್ದರೆ ನಾನೇ ಬರುತ್ತೇನೆ, ಮೆಟ್ಟಿಲ ಕೆಳಗಿನಿಂದಲೇ ಓದಿಕೊಂಡು ಬರುತ್ತೇನೆ, ಮೂರು ಮಹಡಿಯವರೂ ಕೇಳಿಸಿಕೊಳ್ಳಲಿ.

ಅಕ್ಕ


ಏಪ್ರಿಲ್ 16

ಅಕ್ಕಾ,

ಓದಿದೆ. ಹಾರಿಸದೆ ಓದಿದೆ. ಮಧ್ಯದಲ್ಲಿ ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ಮುಗಿದ ಮೇಲೆ ತಿರುಗಿ ನನ್ನನ್ನು ನೋಡಿ, "ಎಲ್ಲಾ ಬರ್ದಿದೀಯ. ಒಂದು ಬಿಟ್ಟಿದೀಯಲ್ಲೋ" ಅಂದರು.

ಬಿಟ್ಟಿದ್ದೆ. ಅವರು ಬಸ್ಸಿಗೆ ಓಡುವ ಮೊದಲು ನನ್ನ ಭುಜ ಹಿಡಿದು, "ಎಂಜಿನ್ನಲ್ಲಿ ಎಣ್ಣೆ ಇಲ್ಲ. ಈಗಲೇ ಹೋಗಿ ಅಕ್ಕನಿಗೆ ಹೇಳು" ಎಂದಿದ್ದರು. ನಾನು ಹೂಂ ಎಂದೆ. ಮನೆಗೆ ಹೋಗುವ ದಾರಿಯಲ್ಲಿ ಮೈದಾನದಲ್ಲಿ ಹುಡುಗರು ಚೆಂಡಾಡುತ್ತಿದ್ದರು. ಒಂದು ಆಟ ಆಡಿ ಹೋಗೋಣವೆಂದು ನಿಂತೆ. ಟ್ರಾಕ್ಟರ್ ಸ್ಟಾರ್ಟ್ ಆದದ್ದು ಕೇಳಿಸಿತು ಅಕ್ಕಾ. ಕೇಳಿಸಿದಾಗ ನೆನಪಾಯಿತು. ಓಡಿ ಬಂದಿದ್ದರೆ ನಿಲ್ಲಿಸಬಹುದಿತ್ತೋ ಏನೋ. ನಾನು ಓಡಲಿಲ್ಲ. ಬೈಯುತ್ತಾರೆಂದು ಹೆದರಿ ಅಲ್ಲೇ ನಿಂತೆ, ಅದು ಕಿರುಚುವ ತನಕ.

ಸಂಜೆ ಅಪ್ಪ ಬಾವಿಯ ಹತ್ತಿರ ನನ್ನೊಬ್ಬನನ್ನೇ ಕೇಳಿದರು, "ಹೇಳಿದ್ಯಾ?" ನಾನು ಚಡ್ಡಿ ಒದ್ದೆ ಮಾಡಿಕೊಂಡೆ. "ಅಳ್ಬೇಡ. ಬಾಯಿ ಮುಚ್ಕೊಂಡಿರು" ಎಂದು ಒಳಗೆ ಹೋಗಿ ನಿನ್ನನ್ನು ಬೈದರು.

ಹೋದ ಕಾಗದದಲ್ಲಿ ಅಪ್ಪನ ಹಿಂದೆ ಅಡಗಿಕೊಂಡೆ. ಹನ್ನೆರಡು ವರ್ಷದವನು ಅಡಗಿದ ಜಾಗದಲ್ಲೇ ಈ ವಯಸ್ಸಿನಲ್ಲೂ.

ಯಾಕೆ ಹಾಗೆ ಮಾಡಿದಿರಿ ಎಂದು ಅವರನ್ನು ಕೇಳಿದೆ. "ನೀನು ಸಣ್ಣೋನು, ನಡುಗ್ತಿದ್ದೆ. ಅವಳು ಗಟ್ಟಿ, ತಡ್ಕೋತಾಳೆ ಅಂದ್ಕೊಂಡೆ. ನಾಲ್ಕು ದಿನ ಬೈದ್ರೆ ಮುಗೀತು ಅಂದ್ಕೊಂಡೆ" ಅಂದರು. ಆಮೇಲೆ ಯಾಕೆ ಹೇಳಲಿಲ್ಲ ಎಂದೆ. "ಆಮೇಲೆ ಬಾಯಿ ಬರ್ಲಿಲ್ಲ. ಹೇಳ್ತಾ ಹೇಳ್ತಾ ನನಗೇ ನಿಜ ಅನ್ನಿಸ್ಬಿಡ್ತು" ಅಂದರು. ಊಟ ಮಾಡಲಿಲ್ಲ. ನಿನ್ನೆಯಿಂದ ಒಂದೇ ಮಾತು, ನೀನು ಟ್ರಾಕ್ಟರ್ ಓಡಿಸುವುದನ್ನು ನೋಡಬೇಕಂತೆ. ಕರೆದುಕೊಂಡು ಬರಲೇ?

ಚಿಪ್ಪುಗಳನ್ನು ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ತಮ್ಮ


ಮೇ 5

ತಮ್ಮಾ,

ಚಿಪ್ಪು ಸರಿಯಾಗಿ ಕೂತಿತು. ಹೊಸ ಪಿಸ್ಟನ್, ಹೊಸ ಲೈನರ್, ಹೊಸ ಬ್ಯಾಟರಿ. ಡೀಸೆಲ್ ಪೈಪಿನ ಗಾಳಿ ತೆಗೆಯಲು ಒಂದು ಬೆಳಗು ಪೂರ್ತಿ ಹಿಡಿಯಿತು. ಎಣ್ಣೆ ಹಾಕಿದೆ, ಕಡ್ಡಿ ಅದ್ದಿ ನಾನು ನೋಡಿದೆ, ಲೇತಜ್ಜ ನೋಡಿದ, ನಿನ್ನ ಭಾವ ಕನ್ನಡಕ ಹಾಕಿಕೊಂಡು ನೋಡಿದರು. ಮೂರನೇ ಸಲ ಕೀ ತಿರುಗಿಸಿದಾಗ ಸ್ಟಾರ್ಟ್ ಆಯಿತು. ಶೆಡ್ಡಿನ ತುಂಬ ಕಪ್ಪು ಹೊಗೆ, ಕೋಳಿಗಳೆಲ್ಲ ದಿಕ್ಕಾಪಾಲು. ಅಜ್ಜ ಕೈ ಎತ್ತಿ ಎತ್ತಿ ಕುಣಿದ.

ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು. ಇದು ಮೂರೂವರೆ ತಿಂಗಳ ಕೆಲಸ, ಇಷ್ಟೇ. ಇಷ್ಟನ್ನು ಮಾಡದೆ ಇಪ್ಪತ್ತೇಳು ವರ್ಷ ಅದನ್ನು ನನ್ನ ಹೆಸರಿನ ಮುಂದೆ ನಿಲ್ಲಿಸಿದ್ದರಲ್ಲ.

ಹನ್ನೆರಡು ವರ್ಷದ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹುಡುಗರು ಆಟಕ್ಕೆ ನಿಲ್ಲುತ್ತಾರೆ. ಮಾರ್ಚ್ ತಿಂಗಳಲ್ಲಿ ಕಾಗದ ಬರೆದವನಿಗೆ ನಲವತ್ತು ತುಂಬುತ್ತ ಬಂದಿತ್ತು. ಅವನ ಮೇಲೆ ಇದೆ, ಸದ್ಯಕ್ಕೆ ಹೋಗುವ ಹಾಗೂ ಕಾಣುವುದಿಲ್ಲ.

ಅಪ್ಪನನ್ನು ಕರೆದುಕೊಂಡು ಬಾ. ನೋಡಲಿಕ್ಕೆ ಬರುವುದಾದರೆ ಬೇಡ, ಹೇಳಲಿಕ್ಕೆ ಬರುವುದಾದರೆ ಬರಲಿ. ಲೇತಜ್ಜನ ಅಂಗಡಿಯ ಮುಂದೆ, ಹಗಲು ಹೊತ್ತಿನಲ್ಲಿ, ಬಾಡಿಗೆ ಟ್ರಾಕ್ಟರಿನವನನ್ನೂ ನಿಲ್ಲಿಸಿಕೊಂಡು ನಡೆದದ್ದನ್ನು ನಡೆದ ಹಾಗೆ ಅವರು ಹೇಳಬೇಕು. ಅವರು ಬಿಟ್ಟದ್ದನ್ನು ನೀನು ಹೇಳಬೇಕು. ಊಟ ನಾನೇ ಹಾಕುತ್ತೇನೆ, ಅದರಲ್ಲಿ ಕೋಪ ತೋರಿಸುವವಳಲ್ಲ. ಕ್ಷಮಿಸುವ ಮಾತನ್ನು ಮಾತ್ರ ಯಾರೂ ಎತ್ತಬೇಡಿ.

ಇನ್ನು ಇದನ್ನು ಅವರಿಗೆ ಓದಿ ಹೇಳು. ಅವಳು ಗಟ್ಟಿ, ತಡೆದುಕೊಳ್ಳುತ್ತಾಳೆ ಎಂದಿರಲ್ಲ ಅಪ್ಪ. ಆ ವರ್ಷವೆಲ್ಲ ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಎದುರು ನಿಂತು, ಒಂದು ಕಣ್ಣು ಮುಚ್ಚಿ ಅಂಕಿಗಳನ್ನು ಓದುತ್ತಿದ್ದೆ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ದಿನಾ ಒಂದೊಂದು ಹೆಜ್ಜೆ ಹಿಂದೆ ಸರಿದು, ಬಾಗಿಲ ತನಕ. ಎಲ್ಲಾ ಅಂಕಿಯೂ ಕಾಣುತ್ತಿತ್ತು. ಕಂಡರೂ ನಂಬಿಕೆ ಬರುತ್ತಿರಲಿಲ್ಲ, ಮಾರನೇ ದಿನ ಮತ್ತೆ ನಿಲ್ಲುತ್ತಿದ್ದೆ. ಆ ಮನೆಯಲ್ಲಿ ನೀವು ಮೂರು ಜನ ಓಡಾಡುತ್ತಿದ್ದಿರಿ. ಒಬ್ಬರಾದರೂ ಅಲ್ಲಿ ಏನು ಮಾಡುತ್ತಿದ್ದೀಯ ಎಂದು ನನ್ನನ್ನು ಕೇಳಲಿಲ್ಲ.

ಅಕ್ಕ